ಇಪ್ಪತ್ತು ಸಲ ತೊಳೆದ ಕೈ

ಒಂದು ಕಾಲದಲ್ಲಿ ಮಧುಗಿರಿಯಲ್ಲಿ ನನ್ನ ಕೈಗಳಿಗೆ ಬಹಳ ಒಳ್ಳೆಯ ಹೆಸರಿತ್ತು. ನನಗೇನೂ ಅಷ್ಟಿರಲಿಲ್ಲ, ಗಣಿತ ಹೇಳಿಕೊಡುವ ಮೇಷ್ಟರನ್ನು ಯಾವ ಊರು ತಾನೇ ಪ್ರೀತಿಸೀತು? ಆದರೆ ಕೈಗಳ ವಿಷಯದಲ್ಲಿ ಇಡೀ ಬೀದಿಗೆ ಒಂದೇ ಅಭಿಪ್ರಾಯ: ಮೇಷ್ಟರದು ಭಾರಿ ಮಡಿ. ಊಟಕ್ಕೆ ಕೂರುವ ಮೊದಲು ನಾನು ಇಪ್ಪತ್ತು ಸಲ ಕೈ ತೊಳೆಯುತ್ತಿದ್ದೆ. ಹತ್ತೊಂಬತ್ತನೆಯದು ಸರಿಯಾಗಿ ಆಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಇಪ್ಪತ್ತನೆಯದು.

ಪಕ್ಕದ ಮನೆಯ ವೆಂಕಮ್ಮನವರು ತಮ್ಮ ಗಂಡನಿಗೆ ನನ್ನನ್ನು ತೋರಿಸಿ, "ನೋಡ್ಕಳಿ, ಆಚಾರ ಅಂದ್ರೆ ಅಂಗಿರ್ಬೇಕು" ಎನ್ನುತ್ತಿದ್ದರು. ಯಾರ ಮನೆಯಲ್ಲಿ ವ್ರತವಾದರೂ ಮೊದಲ ಎಲೆ ನನಗೆ. ನಿಜ ಹೇಳಿಬಿಡುತ್ತೇನೆ, ನನಗೆ ದೇವರಲ್ಲಿ ಅಂಥ ಭಕ್ತಿಯೇನೂ ಇರಲಿಲ್ಲ. ಇದ್ದದ್ದು ಭಯ. ಬಾಗಿಲ ಚಿಲಕ, ಬಸ್ಸಿನ ಕಂಬಿ, ಹುಡುಗರ ನೋಟ್‌ಬುಕ್ಕು, ಏನು ಮುಟ್ಟಿದರೂ ಅದರಿಂದ ಯಾವುದೋ ರೋಗ ನನ್ನ ಕೈಗೆ ಅಂಟಿ, ಕೈಯಿಂದ ಮನೆಯವರಿಗೆ ಹತ್ತಿ, ಎಲ್ಲರೂ ಸತ್ತೇಹೋಗುತ್ತಾರೆಂಬ ಭಯ. ಅದು ಸುಳ್ಳೆಂದು ಬುದ್ಧಿಗೆ ಗೊತ್ತಿತ್ತು. ಕೈ ಮಾತ್ರ ಕೇಳುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ನೀರಿನ ಕಷ್ಟ ಬಲ್ಲವರು ಈ ಮಡಿಯ ಬೆಲೆ ಯಾರು ತೆತ್ತರೆಂದು ಈಗಾಗಲೇ ಊಹಿಸಿರಬಹುದು. ನನ್ನ ಹೆಂಡತಿ ಲಲಿತ ಎರಡು ಬೀದಿ ಆಚೆಯ ಸೇದೋ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಳು. ನಾನು ಕೀರ್ತಿ ಸಂಪಾದಿಸುತ್ತಿದ್ದೆ.

ಅವಳು ಹೆರಿಗೆಗೆಂದು ತವರು ಐ.ಡಿ.ಹಳ್ಳಿಗೆ ಹೋಗಿ, ಮೂರು ತಿಂಗಳ ಮಗಳೊಂದಿಗೆ ಹಿಂತಿರುಗಿದಳು. ಬಾಗಿಲಲ್ಲೇ ಮಗುವನ್ನು ಮುಂದೆ ಚಾಚಿ, "ಎತ್ಕೊಳ್ರೀ" ಎಂದಳು. "ತಾಳು, ಕೈ ತೊಳೆದು ಬರ್ತೀನಿ" ಎಂದು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಒಂದು ತಿಂಗಳಾದರೂ ನಾನು ಮಗಳನ್ನು ಮುಟ್ಟಿರಲಿಲ್ಲ. ಲಲಿತ ಜಗಳವಾಡಲಿಲ್ಲ. "ಏಳನೇ ತಿಂಗಳಿಗೆ ಅನ್ನಪ್ರಾಶನ. ತೊಡೆ ಮೇಲೆ ಕೂರಿಸಿಕೊಂಡು ಮೊದಲ ತುತ್ತು ಅಪ್ಪನೇ ತಿನ್ನಿಸಬೇಕು. ಆಗಲೂ ಬಚ್ಚಲಲ್ಲೇ ಇರ್ತೀರಾ?" ಎಂದಳು. ಬದುಕಿನಲ್ಲಿ ನನಗೆ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ನಮ್ಮ ಶಾಲೆಯಲ್ಲಿ ಉರ್ದು ಪಾಠ ಹೇಳುತ್ತಿದ್ದ ಖಾದರ್ ಸಾಹೇಬರು ಶಿರಾದವರು. ನಾನು ಶಾಲೆಯ ತೊಟ್ಟಿಯ ಬಳಿ ಕೈ ಉಜ್ಜುವುದನ್ನು ಎಷ್ಟೋ ದಿನದಿಂದ ನೋಡುತ್ತಿದ್ದವರು ಒಂದು ಮಧ್ಯಾಹ್ನ ಪಕ್ಕದಲ್ಲಿ ಬಂದು ನಿಂತರು. "ಮೇಷ್ಟ್ರೇ, ತಪ್ಪು ತಿಳೀಬೇಡಿ. ಇದು ಮಡಿ ಅಲ್ಲ. ನಮ್ಮಲ್ಲಿ ಇದಕ್ಕೆ ವಸ್‌ವಾಸ್ ಅಂತಾರೆ, ಎಷ್ಟು ತೊಳೆದ್ರೂ ತೀರದ ಅನುಮಾನ. ನಮ್ಮ ಮಾಮೂ ನಮಾಜಿಗೆ ಅಂತ ಕೈಕಾಲು ತೊಳೆಯೋಕೆ ಕೂತ್ರೆ, ಅವರು ಏಳೋ ಹೊತ್ತಿಗೆ ಮಸೀದೀಲಿ ನಮಾಜೇ ಮುಗಿದಿರೋದು. ಎಲ್ಲರೂ ಅವರನ್ನ ಬಹಳ ದೈವಭಕ್ತರು ಅಂತಿದ್ರು. ಬೆಂಗಳೂರಲ್ಲಿ ಒಬ್ಬ ಡಾಕ್ಟರು ವಾಸಿ ಮಾಡಿದ್ರು."

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸಲು ಅಪ್ಪಣೆ ಕೊಡಿ. ಒಂದೇ ಅನುಮಾನ ನಮ್ಮ ಬಚ್ಚಲಿಗೆ ಬಂದಾಗ ಮಡಿ ಎನ್ನಿಸಿಕೊಂಡಿತು, ಶಿರಾದ ಮಸೀದಿಯ ನೀರಿನ ತೊಟ್ಟಿಗೆ ಹೋದಾಗ ಭಕ್ತಿ ಎನ್ನಿಸಿಕೊಂಡಿತು. ಎರಡು ಕಡೆಯೂ ನಾಲ್ಕು ಜನ ಕೈಮುಗಿದರು. ಹೊಗಳಿಸಿಕೊಳ್ಳುವ ಕಾಯಿಲೆಗೆ ಔಷಧಿ ಹುಡುಕುವ ಮನಸ್ಸು ಯಾರಿಗೆ ಬಂದೀತು?

ಆದರೂ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಹೊರದೇಶದಲ್ಲಿ ಓದಿ ಬಂದಿದ್ದರು. ಕಾಯಿಲೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ಮಾತ್ರೆ ಕೊಡುತ್ತಾರೆಂದು ನಾನು ಕಾದರೆ, ಕೊಟ್ಟದ್ದು ಹೋಂವರ್ಕು. "ಬಸ್ಸಿನ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಭಯ ಏರುತ್ತೆ, ಏರಲಿ. ತೊಳೀಬೇಡಿ. ಗಣಿತದವರಲ್ಲವೇ, ಐದೈದು ನಿಮಿಷಕ್ಕೆ ಭಯಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗ್ರಾಫ್ ಬರೆದು ತನ್ನಿ" ಎಂದರು. ಹುಡುಗರ ಬೆನ್ನ ಮೇಲೆ ಹೇರಿದ್ದ ಹೋಂವರ್ಕೆಲ್ಲ ಆ ದಿನ ನನಗೆ ನೆನಪಾಯಿತು.

ಮೊದಲ ಸಲ ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಕೊರಟಗೆರೆ ಬರುವ ಹೊತ್ತಿಗೆ ಭಯಕ್ಕೆ ತೊಂಬತ್ತೈದು ಅಂಕ ಬಿದ್ದಿತ್ತು. ನನ್ನ ತರಗತಿಯಲ್ಲಿ ಯಾರೂ ಅಷ್ಟು ತೆಗೆದದ್ದಿಲ್ಲ. ಡಾಕ್ಟರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಆದರೆ ಗೆರೆ ಮೇಲೆ ಹೋಗಿ, ಒಂದಷ್ಟು ಹೊತ್ತು ಅಲ್ಲೇ ಕೂತು, ಊರು ತಲುಪುವ ಮೊದಲು ಕೆಳಕ್ಕೆ ಬಾಗಿತು. ಯಾವ ನೀರೂ ಮುಟ್ಟದೆ ತಾನಾಗಿಯೇ ಬಾಗಿತು! ದೇವರನ್ನು ನಂಬದಿದ್ದರೂ ಗ್ರಾಫನ್ನು ನಂಬುವ ಜಾತಿ ನಮ್ಮದು. ಮೂರನೆಯ ಪ್ರಯಾಣದಲ್ಲಿ ಕೊರಟಗೆರೆಯಲ್ಲಿ ಇಳಿದು, ಕಂಬಿ ಹಿಡಿದ ಕೈಯಲ್ಲೇ ಹುರಿದ ಕಡಲೆಕಾಯಿ ಬಿಡಿಸಿ ತಿಂದೆ. ಅಷ್ಟು ರುಚಿಯಾದ ಕಡಲೆಕಾಯಿ ಪಾವಗಡದವರು ಕೂಡ ಬೆಳೆದಿರಲಾರರು.

ಮನೆಗೆ ಬರುವ ಕೊಡಗಳು ಕಡಿಮೆಯಾದವು. ಬೀದಿಯಲ್ಲಿ ನನ್ನ ಮರ್ಯಾದೆಯೂ ಅಷ್ಟೇ ಕಡಿಮೆಯಾಯಿತು. "ಮೇಷ್ಟ್ರು ಕೆಟ್ಟೋಗ್ಬುಟ್ರು ಕಣಮ್ಮ, ಆಚಾರಾನೇ ಬುಟ್ಬುಟ್ರು" ಎಂದು ವೆಂಕಮ್ಮನವರು ಮರುಗಿದರೆ, ಲಲಿತ, "ನನ್ನ ಸೊಂಟ ಉಳೀತು ಬಿಡಿ ವೆಂಕಮ್ಮೋರೇ" ಎಂದಳು.

ಅನ್ನಪ್ರಾಶನದ ದಿನ ಖಾದರ್ ಸಾಹೇಬರೂ ಬಂದಿದ್ದರು. ನಾನು ಒಂದೇ ಸಲ ಕೈ ತೊಳೆದೆ. ಕಾಲು ಅಭ್ಯಾಸಬಲದಿಂದ ಮತ್ತೆ ಬಚ್ಚಲ ಕಡೆಗೆ ತಿರುಗಿತು. ಭಯಕ್ಕೆ ಎಪ್ಪತ್ತು ಅಂಕ ಕೊಟ್ಟು, ಹಿಂದಕ್ಕೆ ಬಂದು ಕೂತೆ. ಮಗಳನ್ನು ತೊಡೆಯ ಮೇಲಿಟ್ಟರು. ಅವಳು ಇಷ್ಟು ಭಾರವಿದ್ದಾಳೆಂದು ನನಗೆ ಗೊತ್ತಾದದ್ದೇ ಆಗ. ಪಾಯಸದಲ್ಲಿ ಬೆರಳದ್ದಿ ಅವಳ ಬಾಯಿಗಿಟ್ಟೆ. ಅವಳು ಚಪ್ಪರಿಸಿದಳು.

ಆಮೇಲೆ ಅವಳು ತನ್ನ ಮುಷ್ಟಿಯನ್ನು ಬಟ್ಟಲಿನಲ್ಲಿ ಅದ್ದಿ, ಮಣಿಕಟ್ಟಿನವರೆಗೂ ಪಾಯಸ ಸುರಿಸುತ್ತ ನನ್ನ ಬಾಯಿಗೆ ತುರುಕಿದಳು. ಅದೇ ಮುಷ್ಟಿ ಅಷ್ಟು ಹೊತ್ತೂ ಪಕ್ಕದಲ್ಲಿ ಕೂತಿದ್ದ ಖಾದರ್ ಸಾಹೇಬರ ಹಳೆಯ ಕೊಡೆಯ ತುದಿಯನ್ನು ಹಿಡಿದುಕೊಂಡಿತ್ತು. ಆ ಕೊಡೆ ಶಿರಾದ ಸಂತೆಯ ಮಣ್ಣನ್ನೆಲ್ಲ ತುಳಿದು ಬಂದದ್ದೆಂದು ನಾನು ಬಲ್ಲೆ.

ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೇ.