ಗಂಡಸರ ವೃತ್ತಕ್ಕೊಂದು ಕುರ್ಚಿ

ಕುವೈತಿನಲ್ಲಿ ಮಾರ್ಮನ್ ಪಂಥದ ಕ್ರೈಸ್ತನಾಗಿರುವುದೆಂದರೆ, ಚಹಾ ಏಕೆ ಕುಡಿಯುವುದಿಲ್ಲ ಎಂಬುದನ್ನು ದಿನಕ್ಕೆ ನಾಲ್ಕು ಬಾರಿ ವಿವರಿಸುವುದು. ಇಲ್ಲಿನ ಅರ್ದಿಯಾ ಎಂಬಲ್ಲಿನ ಗೋದಾಮೊಂದರಲ್ಲಿ ನಾನು ಸ್ಟೋರ್ ಕೀಪರ್. ಎದುರು ಮೇಜಿನ ಬ್ಯಾರಿ ಸಹೋದ್ಯೋಗಿ ಹದಿನೈದು ವರ್ಷಗಳಿಂದ ಈ ವಿಷಯದಲ್ಲಿ ಸಂಶೋಧನೆ ನಡೆಸುತ್ತಿದ್ದಾರೆ.

"ಕಳ್ಳು ಬೇಡ, ಸರಿ. ಅದು ನಮಗೂ ಬೇಡ. ಈ ಚಾ ಎಂತ ಪಾಪ ಮಾಡಿದೆ ಮಾರಾಯ್ರೆ?"

"ಎಲ್ಲ ಬದಲಾಗ್ತದೆ ಭಾಯಿ. ನಮ್ಮಲ್ಲಿ ಸ್ವಲ್ಪ ನಿಧಾನ."

"ಅಷ್ಟರಲ್ಲಿ ಚಾ ತಣ್ಣಗಾಗ್ತದೆ."

ಮಂಗಳೂರಿನ ಪ್ರೊಟೆಸ್ಟೆಂಟ್ ಮನೆಯಲ್ಲಿ ಹುಟ್ಟಿದ ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ, ಬಿಳಿ ಅಂಗಿ ಕಪ್ಪು ಟೈಯ ಇಬ್ಬರು ಅಮೆರಿಕನ್ನರ ಮಾತಿಗೆ ಒಲಿದು ಈ ಸಭೆ ಸೇರಿದವನು. ಇಲ್ಲಿ ನಾವು ಈ ದೇಶದ ವಾರದ ರಜೆಗೆ ಹೊಂದಿಕೊಂಡು ಭಾನುವಾರದ ಆರಾಧನೆಯನ್ನು ಶುಕ್ರವಾರವೇ ಮುಗಿಸುತ್ತೇವೆ. ನಮ್ಮಲ್ಲಿ ಪೌರೋಹಿತ್ಯ ನನ್ನಂಥ ಸಾಮಾನ್ಯ ಗಂಡಸರಿಗೂ ಇದೆ, ಹೆಂಗಸರಿಗೆ ಮಾತ್ರ ಇಲ್ಲ. ದೇವರ ದಿನವನ್ನೇ ಎರಡು ದಿನ ಹಿಂದಕ್ಕೆ ಸರಿಸಬಲ್ಲ ಸಭೆ ಹೆಂಗಸರನ್ನು ಎರಡು ಹೆಜ್ಜೆ ಮುಂದಕ್ಕೆ ಬಿಡದೇ ಇದ್ದೀತೇ ಎಂಬುದು ನನ್ನ ತರ್ಕ. ಹೆಂಡತಿ ಇರುವ ತನಕ ಅವಳಿಗೆ, ಅವಳು ತೀರಿಕೊಂಡ ಮೇಲೆ ಮಗಳಿಗೆ, ಈ ತರ್ಕವನ್ನು ಹೊತ್ತು ಹೊತ್ತಿಗೆ ಉಣಿಸಿದ್ದೇನೆ. ದೀಕ್ಷಾಸ್ನಾನಕ್ಕೆ ಹೆಂಗಸರೂ ಸಾಕ್ಷಿ ನಿಲ್ಲಬಹುದೆಂಬ ಆದೇಶ ಬಂದ ದಿನ, ಮಹಬೂಲಾದ ನಮ್ಮ ಫ್ಲ್ಯಾಟಿನಲ್ಲಿ ಪಾಯಸ ಮಾಡಿದ್ದೆ. ಮಗಳು ಬಟ್ಟಲು ಖಾಲಿ ಮಾಡಿ ಕೇಳಿದಳು: "ಅಂದ್ರೆ, ನೋಡ್ಲಿಕ್ಕೆ ಪರ್ಮಿಷನ್ ಸಿಕ್ಕಿದ್ದಾ ಪಪ್ಪ?"

ಸಭೆಯಲ್ಲಿ ನನಗೆ ಸುಧಾರಣಾವಾದಿ ಎಂಬ ಹೆಸರಿತ್ತು. ಒಮ್ಮೆಯೂ ಕೈ ಎತ್ತಿ ಮಾತಾಡದೆ ಗಳಿಸಿದ ಹೆಸರು ಅದು.

ಮಗಳು ಜಾಬ್ರಿಯಾದ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. ಅಳಿಯ ಉಡುಪಿ ಕಡೆಯ ಹಿಂದೂ, ಹೋಟೆಲಿನಲ್ಲಿ ಕೆಲಸ. ದೇವರ ವಿಷಯವನ್ನು ಮಾವನಿಗೆ ಬಿಟ್ಟುಕೊಟ್ಟ ಜಾಣ. ಅವರ ಮಗು ಏಳು ತಿಂಗಳಿಗೇ ಹುಟ್ಟಿ ಆರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ದಿನವಿಡೀ ಬೇರೆಯವರ ಮಕ್ಕಳನ್ನು ಎತ್ತಿದ ಕೈಗೆ ಮೊದಮೊದಲು ತನ್ನದನ್ನು ಎತ್ತಲು ಅನುಮತಿಯಿರಲಿಲ್ಲ. ಪೆಟ್ಟಿಗೆಯ ಕಿಂಡಿಯಲ್ಲಿ ಎರಡು ಬೆರಳು ತೂರಿಸಿ ಕುಳಿತಿರುತ್ತಿದ್ದಳು.

ಮಗು ಮನೆಗೆ ಬಂದ ಮೇಲೆ ನಾಮಕರಣದ ಆಶೀರ್ವಾದ ಆಗಬೇಕಿತ್ತು. ನಮ್ಮ ಪದ್ಧತಿಯಲ್ಲಿ ಪೌರೋಹಿತ್ಯವುಳ್ಳ ಗಂಡಸರು ವೃತ್ತವಾಗಿ ನಿಂತು, ಒಂದು ಕೈಯನ್ನು ಮಗುವಿನಡಿಗೂ ಇನ್ನೊಂದನ್ನು ಪಕ್ಕದವನ ಹೆಗಲಿಗೂ ಇಟ್ಟು, ಮೆಲ್ಲಗೆ ಕುಲುಕುತ್ತಾ ಪ್ರಾರ್ಥಿಸುತ್ತಾರೆ. ಆಧ್ಯಾತ್ಮಿಕ ಲಾಭ ಎಷ್ಟೋ ತಿಳಿಯದು, ಕುಡಿದ ಹಾಲು ಮೇಲೆ ಬರುವುದು ಖಚಿತ. ತಾಯಿ ಬೆಂಚಿನಲ್ಲಿ ಕೂರಬೇಕು.

"ಪಪ್ಪ, ಪ್ರೇಯರ್ ನೀವೇ ಮಾಡಿ. ಮಗುವನ್ನು ಮಾತ್ರ ನಾನು ಹಿಡ್ಕೊಳ್ತೇನೆ. ಬಾಯಿ ಬಿಡುದಿಲ್ಲ. ಒಮ್ಮೆ ಕೇಳಿ ನೋಡಿ."

"ಕೇಳ್ತೇನೆ ಮಗಾ" ಎಂದೆ.

ನಮ್ಮಲ್ಲಿ ಸಂಬಳದ ಪಾದ್ರಿ ಇಲ್ಲ. ಆಗ ನಮ್ಮ ಶಾಖೆಯ ಅಧ್ಯಕ್ಷ ಏಸಿ ರಿಪೇರಿ ಮಾಡುವ ಒಬ್ಬ ಫಿಲಿಪಿನೋ, ಬಹಳ ಮೃದು ಮನುಷ್ಯ. ನನ್ನ ಬಳಿ ಮೂರು ಶುಕ್ರವಾರಗಳಿದ್ದವು. ಮೊದಲನೆಯದರಲ್ಲಿ ಅವರು ಊಟ ಮಾಡುತ್ತಿದ್ದರು. ಉಣ್ಣುವವರಿಗೆ ಸಿದ್ಧಾಂತದ ಪ್ರಶ್ನೆ ಹಾಕಬಾರದು. ಎರಡನೆಯದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಭುಜ ತಟ್ಟಿ, "ಬ್ರದರ್, ನಿಮ್ಮಷ್ಟು ತಾಳ್ಮೆ ಎಲ್ಲರಿಗೂ ಇದ್ದಿದ್ದರೆ!" ಎಂದರು. ಇಂಥ ಪ್ರಶಸ್ತಿ ಪಡೆದ ಮೇಲೆ ಅರ್ಜಿ ಹಾಕುವುದು ಹೇಗೆ? ಮೂರನೆಯ ಶುಕ್ರವಾರ ಅವರ ಕೋಣೆಯ ಕಡೆಗೇ ಹೋಗಲಿಲ್ಲ. ಆಗದು ಎಂದಾರೆಂಬ ಹೆದರಿಕೆ ನನಗಿರಲಿಲ್ಲ. ಕೇಳಿದವನು ಎಂಬ ಹೆಸರು ಬೀಳುವುದು ಬೇಡವಾಗಿತ್ತು.

ಆ ಸಂಜೆ ಮಗಳ ಮನೆಗೆ ಹೋಗಿ ಹೇಳಿದೆ: "ಆಗುದಿಲ್ಲವಂತೆ."

"ಸರಿಯಾಗಿ ಕೇಳಿದ್ರಾ?"

"ಕೇಳಿದೆ."

"ಎಂತ ಹೇಳಿದ್ರು?"

"ನಿಯಮ ಅಂತೆ. ಪಾಪ, ಅವರಿಗೂ ಬೇಜಾರಿತ್ತು." ಸುಳ್ಳಿಗೆ ಒಗ್ಗರಣೆ ಬೀಳದಿದ್ದರೆ ನನಗೆ ಸಮಾಧಾನವಿಲ್ಲ.

ಮರುವಾರ ಏಳು ಜನ ಗಂಡಸರು ವೃತ್ತವಾಗಿ ನಿಂತೆವು. ಅವರಲ್ಲೊಬ್ಬ ಹಿಂದಿನ ವಾರವಷ್ಟೇ ಈ ದೇಶಕ್ಕೆ ಬಂದಿಳಿದವನು. ಮಗು ಹೆಣ್ಣೋ ಗಂಡೋ ಎಂದು ನನ್ನ ಕಿವಿಯಲ್ಲಿ ಕೇಳಿ, ಮಗುವಿನಡಿಗೆ ಕೈ ಇಟ್ಟ. ಮಗು ಮೊದಲ ಕುಲುಕಿಗೇ ಕಿರುಚಲು ಶುರು ಮಾಡಿತು. ನಾನು ಧ್ವನಿ ಏರಿಸಿದೆ. ಆ ದಿನ ಮಾತು ಚೆನ್ನಾಗಿ ಬಂತು. ತಾಯಿಯ ತೋಳಿಗಿಂತ ದೊಡ್ಡ ಆಶ್ರಯ ಭೂಮಿಯ ಮೇಲಿಲ್ಲ ಎಂಬರ್ಥದ ನಾಲ್ಕು ವಾಕ್ಯ ಸೇರಿಸಿದೆ. ಕಣ್ಣು ಮುಚ್ಚಿಕೊಂಡಿರಬೇಕಾದವನು ಒಮ್ಮೆ ತೆರೆದೆ. ಮಗಳು ಮುಂದಿನ ಬೆಂಚಿನಲ್ಲಿ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕುಳಿತಿದ್ದಳು. ಮುಗಿದ ಮೇಲೆ ಎಲ್ಲರೂ ನನ್ನ ಕೈ ಕುಲುಕಿದರು. ಅವಳು ಮಗುವನ್ನು ತೆಗೆದುಕೊಂಡು ಕಾರಿಗೆ ಹೋದಳು.

ಎರಡು ತಿಂಗಳ ಮೇಲೆ ಒಂದು ಲಕೋಟೆ ಕೊಟ್ಟು, "ಅಧ್ಯಕ್ಷರಿಗೆ ಕೊಡಿ ಪಪ್ಪ. ಸಭೆಯ ಪಟ್ಟಿಯಿಂದ ನನ್ನ ಹೆಸರು ತೆಗೀಲಿಕ್ಕೆ. ಮಗುವಿನದ್ದೂ" ಎಂದಳು. ನಾನು ಅಂಚೆಯವನ ನಿಷ್ಠೆಯಿಂದ ಅದನ್ನು ತಲುಪಿಸಿದೆ. ಅಧ್ಯಕ್ಷರು ನನ್ನೆದುರೇ ಎರಡು ಸಲ ಓದಿದರು.

"ಬ್ರದರ್, ಮಗುವನ್ನು ಹಿಡಿಯಲು ನಾನು ಬಿಡಲಿಲ್ಲ ಅಂತ ಬರೆದಿದ್ದಾಳೆ. ಯಾರು ಕೇಳಿದ್ದರು?"

ನಾನು ಗೋಡೆಯ ಏಸಿಯನ್ನು ನೋಡಿದೆ. ಅವರೇ ರಿಪೇರಿ ಮಾಡಿದ್ದು, ಶಬ್ದವಿಲ್ಲದೆ ನಡೆಯುತ್ತಿತ್ತು.

"ಕೇಳಿದ್ದರೆ ವೃತ್ತದ ನಡುವೆ ಒಂದು ಕುರ್ಚಿ ಹಾಕಿಸುತ್ತಿದ್ದೆ" ಎಂದರು. "ನನ್ನ ಹೆಂಡತಿ ಊರಲ್ಲಿ ಹಾಗೇ ಕೂತಿದ್ದಳು. ಮಗು ಅವಳ ಮಡಿಲಲ್ಲಿ, ನಮ್ಮ ಕೈ ಮಗುವಿನ ಮೇಲೆ. ಯಾರೂ ಏನೂ ಅನ್ನಲಿಲ್ಲ."

ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವರ ಮೇಲೆ ಒಂದಿಷ್ಟು ಕೋಪವಾದರೂ ನನ್ನ ಪಾಲಿಗೆ ಬರುತ್ತಿತ್ತು. ಕಾಗದ ಮಡಚಿ ಜೇಬಿಗಿಟ್ಟು, ಅದೇ ವಾರ ಮಗಳಿಗೆ ಫೋನ್ ಮಾಡಿದರು. ಏನು ಹೇಳಿದರೆಂದು ನನಗೆ ತಿಳಿದದ್ದು, ಆ ಶನಿವಾರ ಅವಳ ಮನೆಗೆ ಊಟಕ್ಕೆ ಹೋದಾಗ.

"ತಪ್ಪು ನನ್ನದೇ, ಸಾರಿ ಸಿಸ್ಟರ್ ಅಂದ ಆ ಮನುಷ್ಯ. ಈಗ ಸಾರಿ ಹೇಳಿ ಎಂತ ಪ್ರಯೋಜನ? ನಾನಿನ್ನು ಆ ಕಡೆ ಬರುದಿಲ್ಲ." ತಟ್ಟೆಗೆ ಅನ್ನ ಹಾಕುತ್ತಾ ಅವಳ ಧ್ವನಿ ಇಳಿಯಿತು. "ನೀವೊಬ್ರೇ ಪಪ್ಪ ನನಗಾಗಿ ಹೋಗಿ ಕೇಳಿದ್ದು. ಅದು ನನಗೆ ಗೊತ್ತುಂಟು."

ಅಳಿಯ ತಲೆದೂಗಿದ. ಅವಳು ಬಂಗುಡೆ ಗಸಿಯನ್ನು ಇನ್ನೊಂದು ಸೌಟು ಬಡಿಸಿದಳು. ನಾನು ಬೇಡ ಎನ್ನಲಿಲ್ಲ. ತಟ್ಟೆಯನ್ನು ಸ್ವಲ್ಪ ಮುಂದಕ್ಕೇ ತಳ್ಳಿದೆ.