ಬಾಣಲೆ ಅಟ್ಟ ಸೇರಿದ ವರ್ಷ

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ರಸ್ತೆಗೆ ಇನ್ನೂ ಟಾರು ಬಿದ್ದಿರಲಿಲ್ಲ. ಮಳೆ ಬಂದರೆ ಕೆಂಪು ಕೆಸರು, ಬಿಸಿಲಾದರೆ ಕೆಂಪು ಧೂಳು. ಅಪ್ಪ ಕಟ್ಟಿಸಿದ ಹೆಂಚಿನ ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನನ್ನು ಹೆತ್ತ ಅಜ್ಜಿ ಮತ್ತು ನಾನು ಇದ್ದೆವು. ಬೀದಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಪಕ್ಕದಲ್ಲಿ ದಾವಣಗೆರೆ ಕಡೆಯಿಂದ ಬಂದು ಜವಳಿ ಅಂಗಡಿ ಇಟ್ಟಿದ್ದ ಶೈವರ ಸಂಸಾರ. ಯುಗಾದಿಗೆ ಅವರ ಮನೆಯ ಒಬ್ಬಟ್ಟು ನಮಗೆ, ಈಸ್ಟರ್‌ಗೆ ನಮ್ಮ ಮನೆಯ ಕಜ್ಜಾಯ ಅವರಿಗೆ. ಪಕ್ಕದ ಮನೆಯಾಕೆ ಪಂಚಾಂಗದಲ್ಲಿ ಹುಣ್ಣಿಮೆ ನೋಡಿಕೊಂಡು, ಅದು ಕಳೆದ ಮೇಲೆ ಬರುವ ಭಾನುವಾರ ನಿಮ್ಮ ಹಬ್ಬ ಅಲ್ಲವೇ ಎಂದು ಕಾಂಪೌಂಡಿನಾಚೆಯಿಂದ ಕೇಳುತ್ತಿದ್ದರು. ಅವರ ಲೆಕ್ಕ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ.

ಈಸ್ಟರ್ ಎಂದರೆ ನನಗೆ ಇಂದಿಗೂ ಅಪ್ಪ ಅಡುಗೆಮನೆಯ ಕಿಟಕಿಗೆ ಒರಗಿ ನಿಂತಿದ್ದದ್ದೇ ಕಣ್ಣ ಮುಂದೆ ಬರುತ್ತದೆ. ನಸುಕಿನಲ್ಲಿ ಹೊಸೂರು ರಸ್ತೆಯ ಸಮಾಧಿ ತೋಟಕ್ಕೆ ಹೋಗಿ, ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ನಡೆಯುವ ಆರಾಧನೆ ಮುಗಿಸಿ ಮನೆಗೆ ಬಂದರೆ ಅಜ್ಜಿ ನಿಂತ ಕಾಲಲ್ಲೇ ಒಲೆ ಹಚ್ಚುತ್ತಿದ್ದಳು. ಎಣ್ಣೆಯಿಂದ ತೆಗೆದ ಮೊದಲ ಕಜ್ಜಾಯ ಅಪ್ಪನಿಗೆ. ಬಾಯಿ ಸುಟ್ಟುಕೊಂಡು ಊದಿ ಊದಿ ತಿನ್ನುತ್ತಿದ್ದ. ನಲವತ್ತು ಹತ್ತಿರವಾದರೂ ಇವನಿಗೆ ಬುದ್ಧಿ ಬರಲಿಲ್ಲ ಎಂದು ಅಜ್ಜಿ ಬೈಯುತ್ತಲೇ ಎರಡನೆಯದನ್ನೂ ಅವನ ಕೈಗೇ ಇಡುತ್ತಿದ್ದಳು. ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸುವಾಗ ಬರುತ್ತಿದ್ದ ಆ ಬೆಲ್ಲದ ಘಮ ನೆನಪಾದರೆ ಸಕ್ಕರೆ ಕಾಯಿಲೆಯ ಮುದುಕಿಯಾದ ನನಗೆ ಈಗಲೂ ಬಾಯಲ್ಲಿ ನೀರು ಬರುತ್ತದೆ.

ಒಂದು ಮಳೆಗಾಲದಲ್ಲಿ ವಿಷಮ ಜ್ವರ ಬಂದು ಅಪ್ಪ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮಾರನೆಯ ದಿನ ಅಜ್ಜಿ ಕಬ್ಬಿಣದ ಬಾಣಲೆಯನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಬೋರಲು ಹಾಕಿಸಿದಳು. ವರ್ಷ ತುಂಬುವವರೆಗೆ ಈ ಮನೆಯಲ್ಲಿ ಬಾಣಲೆ ಇಡುವ ಹಾಗಿಲ್ಲ, ಹಬ್ಬ ಇಲ್ಲ ಎಂದಳು. ನಮ್ಮ ಸಭೆಯಲ್ಲಿ ಅಂಥ ಕಟ್ಟಳೆ ಯಾವುದೂ ಇರಲಿಲ್ಲ. ಆದರೆ ಅಜ್ಜಿ ಹುಟ್ಟಿ ಬೆಳೆದ ಹಳ್ಳಿಯಲ್ಲಿ ಸಾವಾದ ಎಲ್ಲ ಮನೆಗಳಲ್ಲೂ ಹಾಗೇ ನಡೆಯುತ್ತಿತ್ತು. ಪಕ್ಕದ ಮನೆಯಾಕೆಯೂ ಬಂದು, ನಮ್ಮಲ್ಲೂ ಹಾಗೇ ಅಮ್ಮಾ ಎಂದು ತಲೆದೂಗಿದರು.

ಆ ವರ್ಷದ ಕ್ರಿಸ್ಮಸ್‌ಗೆ ಬಾಗಿಲಿಗೆ ನಕ್ಷತ್ರ ಕಟ್ಟಲಿಲ್ಲ. ಅಮ್ಮ ಚಕಾರವೆತ್ತಲಿಲ್ಲ. ನನಗೆ ಮಾತ್ರ ಕೆಟ್ಟ ಕೋಪ ಬಂದಿತ್ತು. ಅಜ್ಜಿಯ ಮೇಲೋ, ಸತ್ತ ಅಪ್ಪನ ಮೇಲೋ ಗೊತ್ತಿಲ್ಲ. ಇಡೀ ದಿನ ಹಿತ್ತಿಲಲ್ಲಿ ಒಬ್ಬಳೇ ಕೂತಿದ್ದೆ.

ಯುಗಾದಿ ಬಂತು. ಪಕ್ಕದ ಮನೆಯ ಒಬ್ಬಟ್ಟೂ ಬಂತು, ಸಾವಿನ ಮನೆ ಎಂದು ಈ ಸಲ ಎರಡರಷ್ಟು. ಅಂದು ಸಂಜೆ ಅಮ್ಮ ಬಾಯಿಬಿಟ್ಟಳು. ಕ್ರಿಸ್ಮಸ್ ಹೋದರೆ ಹೋಯಿತು, ಈಸ್ಟರ್ ಬಿಡುವುದಿಲ್ಲ ಎಂದಳು. ಅತ್ತೆಯ ಎದುರು ಎಂದೂ ದನಿ ಎತ್ತದವಳು ಹಾಗೆ ಅಂದದ್ದು ಕೇಳಿ ನಾನು ಹೋಂವರ್ಕ್ ಬಿಟ್ಟು ಕಿವಿ ನಿಮಿರಿಸಿದೆ.

"ಮುಂದಿನ ವರ್ಷ ಮಾಡು. ಹಬ್ಬ ಎಲ್ಲೂ ಓಡಿಹೋಗಲ್ಲ," ಅಂದಳು ಅಜ್ಜಿ.

"ಸತ್ತೋರು ಎದ್ದು ಬರ್ತಾರೆ ಅನ್ನೋ ಹಬ್ಬ ಇದು. ಸಾವಾದ ಮನೆಯವರೇ ಮಾಡ್ದೆ ಇದ್ರೆ ಇನ್ಯಾರು ಮಾಡ್ಬೇಕು ಅತ್ತೆ? ಬೇರೆ ವರ್ಷ ಎಲ್ಲ ಸುಮ್ನೆ ಮಾಡಿದ್ವಿ. ಈ ವರ್ಷವೇ ನನಗೆ ಅದು ಬೇಕಾಗಿರೋದು."

ಅಜ್ಜಿ ಎದ್ದು ಒಳಗೆ ಹೋದಳು. ಮತ್ತೊಂದು ದಿನ ಮನೆಗೆ ಬಂದ ಸಭೆಯ ಪಾದ್ರಿ ಅಯ್ಯನವರು ಅಮ್ಮನ ಪರವಾಗಿ ನಾಲ್ಕು ಮಾತು ಹೇಳಿದ್ದಕ್ಕೆ, ಅಯ್ಯನವರಿಗೆ ಮಗ ಸತ್ತಿದ್ದನೇ ಎಂದು ಕೇಳಿ ಆ ದೊಡ್ಡ ಮನುಷ್ಯರ ಬಾಯಿ ಮುಚ್ಚಿಸಿದಳು. ಪಾಪ, ಅವರು ಕಾಫಿ ಕುಡಿಯದೇ ಕೊಡೆ ತೆಗೆದುಕೊಂಡು ಹೊರಟರು.

ಹಬ್ಬದ ಹಿಂದಿನ ಗುರುವಾರ ಅಮ್ಮ ಅಕ್ಕಿ ನೆನೆಹಾಕಿ, ಕುಟ್ಟಿ, ಜರಡಿ ಹಿಡಿದು, ಬೆಲ್ಲದ ಪಾಕ ಎತ್ತಿ ಕಜ್ಜಾಯದ ಹಿಟ್ಟು ಕಲಸಿ ಜಾಡಿಗೆ ತುಂಬಿದಳು. ಕಜ್ಜಾಯದ ಹಿಟ್ಟು ಎರಡು ಮೂರು ದಿನ ಹದವಾಗಬೇಕು. ಹಿಟ್ಟು ಕಲಸಿದರೆ ಬಾಣಲೆ ಇಟ್ಟಂತಾಗುವುದಿಲ್ಲವಲ್ಲ. ಅಜ್ಜಿ ಜಾಡಿಯನ್ನು ನೋಡಿ ತನ್ನ ಪಾಡಿಗೆ ಹಿತ್ತಿಲಿಗೆ ಹೋದಳು. ಅಟ್ಟದಿಂದ ಬಾಣಲೆ ಇಳಿಸಲು ಅಮ್ಮನೂ ಹೋಗಲಿಲ್ಲ. ಅತ್ತೆ ಏರಿಸಿದ್ದನ್ನು ಸೊಸೆ ಇಳಿಸುವ ಕಾಲ ಅದಲ್ಲ. ಶುಭ ಶುಕ್ರವಾರದ ಗಂಜಿಯನ್ನು ಮೂವರೂ ಗೋಡೆ ನೋಡುತ್ತಾ ಕುಡಿದೆವು.

ಭಾನುವಾರ ಇನ್ನೂ ಕತ್ತಲಿರುವಾಗಲೇ ಅಮ್ಮ ನನ್ನನ್ನು ಎಬ್ಬಿಸಿದಳು. ಹಿಂದಿನ ದಿನವೇ ಹೇಳಿಟ್ಟಿದ್ದ ಜಟಕಾ ಗಾಡಿ ಬಂದಿತ್ತು. ಅಮ್ಮ ಅತ್ತೆಯ ಹಾಸಿಗೆಯ ಬಳಿ ಹೋಗಿ ಕರೆದಳು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಮಗನ ಗೋರಿ ನೋಡೋ ಶಕ್ತಿ ನನಗಿಲ್ಲ ಕಣೇ. ನೀವು ಹೋಗ್ಬನ್ನಿ," ಎಂದಷ್ಟೇ ಅಂದಳು. ಮಣ್ಣು ಮಾಡಿದ ದಿನದಿಂದ ಅವಳು ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಹಬ್ಬದ ಜಗಳವೆಲ್ಲ ಅಲ್ಲಿಂದಲೇ ಹುಟ್ಟಿದ್ದು ಎಂದು ನನಗೆ ಆಗ ಹೊಳೆಯಿತು.

ಸಿದ್ದಾಪುರ ದಾಟಿ, ಲಾಲ್‌ಬಾಗಿನ ಗೋಡೆಯ ಪಕ್ಕದಲ್ಲಿ ಗಾಡಿ ಕುಲುಕುತ್ತಾ ಸಾಗಿತು. ಸಮಾಧಿ ತೋಟದ ತುಂಬ ಮೇಣದಬತ್ತಿಗಳು. ಈಸ್ಟರ್‌ಗೆ ನಮ್ಮವರೆಲ್ಲ ಬಿಳಿ ಉಡುತ್ತಾರೆ. ಅಷ್ಟೂ ಹೆಂಗಸರ ನಡುವೆ ಬಿಳಿ ಸೀರೆಯ ಅಮ್ಮ ಅಂದು ಎಲ್ಲರಂತೆಯೇ ಇದ್ದಳು, ವಿಧವೆಯಂತೆ ಕಾಣಲಿಲ್ಲ. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಅಪ್ಪನ ಮಣ್ಣಿನ ಮೇಲೆ ಸುಗಂಧರಾಜ ಇಟ್ಟು, ಅಮ್ಮ ದನಿ ನಡುಗದೆ ಕೊನೆಯವರೆಗೂ ಹಾಡಿದಳು.

ವಾಪಸು ಬಂದು ಗಾಡಿಯಿಂದ ಇಳಿಯುವಾಗಲೇ ಬೆಲ್ಲದ ಘಮ ಮೂಗಿಗೆ ಬಡಿಯಿತು. ಪಕ್ಕದ ಮನೆಯಿಂದ ಇರಬೇಕು ಅಂದುಕೊಂಡೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡುನಡಿಗೆಯಲ್ಲಿ ಒಳಗೆ ಹೋದಳು.

ಏಣಿ ಇನ್ನೂ ಅಟ್ಟಕ್ಕೆ ಒರಗಿಕೊಂಡೇ ಇತ್ತು. ಆ ವಯಸ್ಸಿನಲ್ಲಿ ಅಜ್ಜಿ ಅದನ್ನು ಹೇಗೆ ಹತ್ತಿದಳೋ ದೇವರೇ ಬಲ್ಲ. ಒಲೆಯ ಮೇಲೆ ಬಾಣಲೆ, ಮುಂದೆ ಅಜ್ಜಿ, ಹೊಗೆಗೋ ಅಳುವಿಗೋ ಕೆಂಪಾದ ಕಣ್ಣು. ಅಪ್ಪ ಒರಗಿ ನಿಲ್ಲುತ್ತಿದ್ದ ಕಿಟಕಿಯ ಕಟ್ಟೆಯ ಮೇಲೆ ಒಂದು ಸಣ್ಣ ತಟ್ಟೆ, ಅದರಲ್ಲಿ ಒಂದೇ ಒಂದು ಕಜ್ಜಾಯ. ನಾನು ಅದನ್ನು ಮುಟ್ಟಲಿಲ್ಲ.

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅಜ್ಜಿ ತಲೆ ಎತ್ತಲಿಲ್ಲ.

"ನೀನು ಹೇಳೋದು ನಿಜ ಆದ್ರೆ ಅವನು ಏಳ್ತಾನಲ್ಲ," ಅಂದಳು. "ಎದ್ದು ಬಂದಾಗ ಮನೇಲಿ ತಿನ್ನೋಕೆ ಏನೂ ಇಲ್ಲ ಅಂತ ಆಗ್ಬಾರ್ದು."

ಅಮ್ಮ ಅವಳ ಪಕ್ಕದಲ್ಲಿ ಕೂತು, ಬಾಳೆಲೆ ಎಳೆದುಕೊಂಡು, ಮುಂದಿನ ಕಜ್ಜಾಯ ತಟ್ಟತೊಡಗಿದಳು.