ಅವರ ಹೆಸರಿನಲ್ಲಿ ನಾನು ಗೆದ್ದ ಟಿಕೆಟ್

ಪಂದ್ಯಕ್ಕೆ ಹನ್ನೆರಡು ದಿನ ಇರುವಾಗ ನಾನು ಸಂಜೆಯ ಚಹಾ ಬಿಟ್ಟೆ. ಹೇಳಿದರೆ ಈಗ ನಗು ಬರುತ್ತದೆ. ಆದರೆ ಅರವತ್ತರ ಹತ್ತಿರ ಬಂದ ಹೆಂಗಸು ನಾಲ್ಕೈದು ಗಂಟೆ ಒಂದೇ ಕುರ್ಚಿಯಲ್ಲಿ ಕುಳಿತು ಆಡಬೇಕು, ಗಂಟೆಗೆ ಐದೇ ನಿಮಿಷ ಬ್ರೇಕ್ ಎಂದಾದರೆ, ಮೊದಲು ಪಳಗಿಸಬೇಕಾದದ್ದು ಬುದ್ಧಿಯನ್ನಲ್ಲ, ಬ್ಲಾಡರನ್ನು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಈ ವಾಕ್ಯ ಓದಿದ್ದರೆ ಸೋಪು ಹಾಕಿ ನನ್ನ ಬಾಯಿ ತೊಳೆಸುತ್ತಿದ್ದರು.

ಆಟ ಪೋಕರ್, ಇಸ್ಪೀಟಿನದು. ಆಡುವುದು ಇಂಟರ್‌ನೆಟ್‌ನಲ್ಲಿ, ಲೋಕದ ಮೂಲೆಮೂಲೆಯ ಸಾವಿರಾರು ಜನರ ಜೊತೆ. ಕೈಯಲ್ಲಿ ಎರಡೇ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ತೆರೆದುಕೊಳ್ಳುತ್ತವೆ. ಪ್ರತಿ ಹಂತದಲ್ಲೂ ಚಿಪ್ಸ್, ಅಂದರೆ ಪಣದ ಬಿಲ್ಲೆ, ಕಟ್ಟಬೇಕು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಕೆಳಗಿಡುವುದಕ್ಕೆ ಫೋಲ್ಡ್ ಎನ್ನುತ್ತಾರೆ. ಚಿಪ್ಸ್ ಮುಗಿದವರು ಹೊರಗೆ. ಜನ ತಿಳಿದಂತೆ ಇದು ಧೈರ್ಯದ ಆಟವಲ್ಲ. ಹತ್ತರಲ್ಲಿ ಎಂಟು ಸಲ ಸುಮ್ಮನೆ ಎಲೆ ಕೆಳಗಿಡಬಲ್ಲವರ ಆಟ. ಆ ಅಭ್ಯಾಸ ನನಗೆ ಚೆನ್ನಾಗಿಯೇ ಇತ್ತು.

ನಾನು ಕುವೈತಿನ ಶುಐಬಾದ ಒಂದು ಕಂಪನಿಯಲ್ಲಿ ಇಪ್ಪತ್ತೇಳು ವರ್ಷ ಸೆಕ್ರೆಟರಿ ಆಗಿದ್ದೆ. ಹೊಸ ಮ್ಯಾನೇಜರ್ ಬಂದ, ಚಿಕ್ಕ ವಯಸ್ಸಿನವಳು ಬೇಕೆಂದ, ಖಲಾಸ್. ಫರ್ವಾನಿಯಾದ ಫ್ಲಾಟಿನಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನಾನೊಬ್ಬಳೇ. ಗಂಡ ಒಂದು ಟ್ರೇಡಿಂಗ್ ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಇಸ್ಪೀಟು ನನಗೆ ಅಜ್ಜಿ ಕಲಿಸಿದ್ದು, ಮಂಗಳೂರಿನಲ್ಲಿ, ರೋಸರಿ ಮುಗಿದ ಮೇಲೆ. ಆ ಹಳೆಯ ವಿದ್ಯೆ ಹಿಡಿದುಕೊಂಡು ಕಂಪ್ಯೂಟರಿನಲ್ಲಿ ಪೋಕರ್ ಕಲಿತೆ. ದುಡ್ಡಿಟ್ಟು ಆಡುವುದು ಈ ದೇಶದಲ್ಲಿ ಅಪರಾಧ. ನಾನು ಆಡುತ್ತಿದ್ದದ್ದು ಬಿಟ್ಟಿ ಆಟ, ಆದ್ದರಿಂದ ಪಾಪವೂ ಇಲ್ಲ, ಪೊಲೀಸರೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅಕೌಂಟ್ ಮಾತ್ರ ಇವರ ಹೆಸರಿನಲ್ಲಿತ್ತು. ತೆರೆಯುವ ವಾರ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಕಂಪನಿಯಿಂದ ಇವರ ಡಿಪೆಂಡೆಂಟಾಗಿ ಬದಲಾಗುತ್ತಿತ್ತು, ಗುರುತಿನ ಕಾಗದಪತ್ರವೆಲ್ಲ ಸರಕಾರಿ ಆಫೀಸಿನಲ್ಲಿ. “ನನ್ನದು ಹಾಕು ಮಾರಾಯ್ತಿ, ಜಸ್ಟ್ ಎ ಫಾರ್ಮ್ಯಾಲಿಟಿ,” ಎಂದರು. ಹಾಕಿದೆ. ನಮ್ಮಿಬ್ಬರ ಮನೆಮಾತು ಕೊಂಕಣಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಬಿಟ್ಟಿ ಆಟಗಳಲ್ಲಿ ಒಂದಾದ ಮೇಲೊಂದು ಗೆಲ್ಲುತ್ತಾ ಹೋದರೆ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಪಂದ್ಯಕ್ಕೆ ಒಂದು ಟಿಕೆಟ್ ಸಿಗುತ್ತಿತ್ತು. ನನಗೆ ಎರಡು ತಿಂಗಳು ಹಿಡಿಯಿತು. ಟಿಕೆಟ್ ಸ್ಕ್ರೀನಿನ ಮೇಲೆ ಬಂದ ಮಧ್ಯಾಹ್ನ ನಾನು ಎದ್ದು ಹೋಗಿ ಕನ್ನಡಿ ನೋಡಿಕೊಂಡೆ. ಯಾಕೆಂದು ಗೊತ್ತಿಲ್ಲ. ನನ್ನ ಪ್ರಾಯದವರಿಗೆ ಕನ್ನಡಿಯ ಹತ್ತಿರ ಒಳ್ಳೆಯ ಸುದ್ದಿ ಹೇಳಲು ಹೆಚ್ಚು ಸಂದರ್ಭ ಬರುವುದಿಲ್ಲ.

ಆಮೇಲೆ ತಯಾರಿ. ಪಂದ್ಯ ಶುಕ್ರವಾರ ಸಂಜೆ ಆರಕ್ಕೆ. ಬಿಲ್ಡಿಂಗಿನ ಹನ್ನೆರಡು ಮನೆಗಳಿಗೆ ಇಂಟರ್‌ನೆಟ್ ಕೇಬಲ್ ಎಳೆದಿದ್ದವನು ವಾಚ್‌ಮನ್, ಈಜಿಪ್ಟಿನವನು. ಅವನಿಗೆ ಎರಡು ಸಲ ಪ್ಲಮ್ ಕೇಕ್ ಕೊಟ್ಟು ಶುಕ್ರವಾರ ಲೈನ್ ಮುಟ್ಟಬಾರದೆಂದು ಮಾತು ತೆಗೆದುಕೊಂಡೆ. “ಯಲ್ಲಾ ಮಾಮಾ, ನೋ ಪ್ರಾಬ್ಲಮ್,” ಎಂದ. ಕುರ್ಚಿಯನ್ನು ನನ್ನ ಎತ್ತರಕ್ಕೆ ಸರಿಮಾಡಿ, ಬೆನ್ನಿಗೆ ದಿಂಬು ಕಟ್ಟಿದೆ. ಪ್ರತಿ ನಿರ್ಧಾರಕ್ಕೂ ಕೆಲವೇ ಸೆಕೆಂಡ್ ಸಮಯ. ಆದ್ದರಿಂದ ಅಡುಗೆಮನೆಯ ಟೈಮರ್ ಪಕ್ಕದಲ್ಲಿಟ್ಟು ಅಭ್ಯಾಸ ಮಾಡಿದೆ. ಎಂಥ ಎಲೆಗೆ ಏನು ಮಾಡಬೇಕು, ಯಾವ ತರಹದ ಆಟಗಾರ ಎಲ್ಲಿ ಹೆದರುತ್ತಾನೆ ಎಂಬುದನ್ನೆಲ್ಲ ಇಂಡೆಕ್ಸ್ ಕಾರ್ಡುಗಳಲ್ಲಿ ಬರೆದಿಟ್ಟೆ, ನಲವತ್ತೊಂದು ಕಾರ್ಡು. ಎಲ್ಲ ಶಾರ್ಟ್‌ಹ್ಯಾಂಡಿನಲ್ಲಿ. ಬೇರೆಯವರು ಓದಬಾರದೆಂದಲ್ಲ, ನನ್ನ ಕೈ ಯೋಚನೆ ಮಾಡುವುದೇ ಹಾಗೆ.

ಪಂದ್ಯಕ್ಕೆ ಒಂದು ವಾರ ಮೊದಲಿನ ಶುಕ್ರವಾರ, ಇಲ್ಲಿಯ ರಜೆಯ ದಿನ, ಚರ್ಚಿನಲ್ಲಿ ಮಾಸ್ ಮುಗಿಸಿ, ನಮ್ಮ ಊರಿನವರೊಬ್ಬರು ಮ್ಯಾನೇಜರ್ ಆಗಿದ್ದ ಹೋಟೆಲಿಗೆ ಊಟಕ್ಕೆ ಹೋದೆವು. ತುಳುವರು, ಬಾಯಿ ತುಂಬ ಮಾತು. ನಮ್ಮ ಮೇಜಿನ ಹತ್ತಿರ ಬಂದು, “ಬರುವ ಶುಕ್ರವಾರ ಸಂಜೆ ನೀವಿಬ್ರೂ ನಮ್ಮಲ್ಲಿಗೆ ಊಟಕ್ಕೆ ಬರ್ಬೇಕು ಆಯ್ತಾ? ನಮ್ಮವಳು ಕೋರಿ ರೊಟ್ಟಿ ಮಾಡ್ತಾಳೆ,” ಎಂದರು.

“ಅಯ್ಯೊ, ಆ ದಿನ ಆಗುದಿಲ್ಲ,” ಎಂದೆ ನಾನು. “ದೊಡ್ಡ ಪೋಕರ್ ಟೂರ್ನಮೆಂಟ್ ಉಂಟು.”

“ಪೋಕರಾ! ಯಾರಿಗೆ?”

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು: “ನನಗೆ.”

“ಎಂಥ ಜನ ಮಾರಾಯ್ರೆ ನೀವು! ಇಷ್ಟು ವರ್ಷ ಚರ್ಚಿನ ಕೊಯರಲ್ಲಿ ಹಾಡುವ ಪಾಪದ ಮನುಷ್ಯ ಅಂತ ಗ್ರಹಿಸಿದ್ದು ನಾನು. ಹಾಗಾದ್ರೆ ಊಟ ನಿಮ್ಮಲ್ಲೇ. ನಾವೇ ಬರ್ತೇವೆ ನೋಡ್ಲಿಕ್ಕೆ.”

ಇವರು ನಕ್ಕರು. ನಾನು ನೀರ್‌ದೋಸೆ ಮಡಚಿ ಮಡಚಿ ತಟ್ಟೆಯ ಅಂಚಿಗೆ ಸರಿಸಿದೆ.

ಕಾರಿನಲ್ಲಿ ಕೇಳಿದೆ. “ಮತ್ತೆಂತ ಹೇಳುದು?” ಎಂದರು. “ನನ್ನ ಹೆಂಡ್ತಿ ಇಸ್ಪೀಟು ಆಡ್ತಾಳೆ ಅಂತ ಹೇಳುದಾ? ಅಕೌಂಟ್ ಇರುದು ನನ್ನ ಹೆಸರಲ್ಲಿ. ಸುಳ್ಳು ಎಲ್ಲಿ ಬಂತು?”

“ಜನ ಬಂದ್ರೆ?”

“ಬಂದ್ರೆ ಸ್ವಲ್ಪ ಹೊತ್ತು ನಾನು ಕೂತ ಹಾಗೆ ಮಾಡ್ತೇನೆ. ಮತ್ತೆ ನೀನೇ.”

ಆ ದಿನಕ್ಕೆ ಅದು ನನ್ನ ಮಾನ ಕಾಯಲು ಹೇಳಿದ ಮಾತು ಎಂದೇ ಅಂದುಕೊಂಡೆ. ಆದರೆ ಸುದ್ದಿ ಹಬ್ಬಿತು. ಕೊಯರಿನವರು ಫೋನ್ ಮಾಡಿ “ಆಲ್ ದಿ ಬೆಸ್ಟ್” ಎಂದರು. ಆಫೀಸಿನ ಪಠಾಣ್ ಡ್ರೈವರ್ “ಭಾಯಿ, ಜೀತ್‌ಕೆ ಆನಾ” ಎಂದನಂತೆ. ಇವರ ನಡಿಗೆ ಬದಲಾಯಿತು. ಮೂವತ್ತು ವರ್ಷ ನಟ್ಟು ಬೋಲ್ಟು ಎಣಿಸಿದ ಮನುಷ್ಯನಿಗೆ ಯಾರೂ ಹೀಗೆ ಶುಭ ಹಾರೈಸಿರಲಿಲ್ಲ. ಅದು ನನಗೂ ಅರ್ಥವಾಗುತ್ತಿತ್ತು, ಅದೇ ನನ್ನ ಕಷ್ಟ.

ಬುಧವಾರ ಸಂಜೆ ನನ್ನ ಕಾರ್ಡುಗಳನ್ನು ಕೈಗೆತ್ತಿಕೊಂಡರು. “ಇದೆಂತ, ಇರುವೆ ಹರಿದಾಡಿದ ಹಾಗೆ? ನನಗೆ ಒಂದು ಅಕ್ಷರ ಗೊತ್ತಾಗುದಿಲ್ಲ. ಒಂದು ಫೇರ್ ಕಾಪಿ ಮಾಡಿ ಕೊಡು.”

“ನಿಮಗೆ ಯಾಕೆ?”

“ಮೊದಲ ಒಂದು ಗಂಟೆ ಆದ್ರೂ ನಾನು ಆಡಬೇಕಲ್ಲ, ಅವರೆಲ್ಲ ಇರ್ತಾರೆ. ಮೊದಲ ಬ್ರೇಕ್ ಆದ ಕೂಡಲೇ ನೀನು ಕೂತ್ಕೊ. ಪ್ರಾಮಿಸ್.”

ಗುರುವಾರ ಇಡೀ ಬೆಳಗ್ಗೆ ಟೈಪ್ ಮಾಡಿದೆ. ಡಬಲ್ ಸ್ಪೇಸಿಂಗ್, ಎಡಕ್ಕೆ ಮಾರ್ಜಿನ್, ನಂಬರು, ಹೆಡಿಂಗು. ನಡುವೆ ಒಂದು ಸಲ ಕೆಟ್ಟ ಯೋಚನೆ ಬಂತು: ಒಂದೆರಡು ಕಡೆ ತಪ್ಪು ಬರೆದರೆ? ಅವರಿಗೆ ಹೇಗೆ ಗೊತ್ತಾಗಬೇಕು? ಬೆರಳು ಒಪ್ಪಲಿಲ್ಲ. ಇಪ್ಪತ್ತೇಳು ವರ್ಷ ಬೇರೆಯವರ ಸಹಿಗಾಗಿ ಕಾಗದ ಟೈಪ್ ಮಾಡಿದ ಬೆರಳುಗಳು, ಅವಕ್ಕೆ ತಪ್ಪು ಮಾಡಲು ಬರುವುದಿಲ್ಲ. ಆರು ಪುಟ, ಒಂದು ಕಾಮಾ ಸಹ ಹೆಚ್ಚುಕಡಿಮೆ ಇಲ್ಲ. ಸ್ಟೇಪಲ್ ಹೊಡೆದು ಮೇಜಿನ ಮೇಲಿಟ್ಟೆ. “ಎಕ್ಸಲೆಂಟ್,” ಎಂದರು ಇವರು. ನನ್ನ ಹಳೆಯ ಬಾಸ್ ಕೂಡ ಅದೇ ಶಬ್ದ ಬಳಸುತ್ತಿದ್ದ.

ಶುಕ್ರವಾರ ಐದೂವರೆಗೆ ಹೋಟೆಲಿನ ಮ್ಯಾನೇಜರ್ ಮತ್ತು ಅವರ ಹೆಂಡತಿ ಬಂದರು, ಕೊಯರಿನ ಇಬ್ಬರು ಗಂಡಸರೂ ಬಂದರು. ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಕೂತ ಕೂಡಲೇ ಬೆನ್ನಿನ ದಿಂಬು ತೆಗೆದು ಸೋಫಾಕ್ಕೆ ಎಸೆದು, ಲಿವರ್ ಎಳೆದು ಕುರ್ಚಿಯನ್ನು ಮೇಲಕ್ಕೆ ಏರಿಸಿದರು. ನಾನು ಕಟ್ಲೆಟ್ ಕರಿಯಲು ಹೋದೆ.

ಮೊದಲ ಗಂಟೆ ಇವರು ಫೇರ್ ಕಾಪಿಯ ಪ್ರಕಾರವೇ ಆಡಿದರು. ಅದು ಹೇಳಬೇಕು. ಎಲೆ ನೋಡುವುದು, ಕಾಗದ ನೋಡುವುದು, ಫೋಲ್ಡ್. ನೋಡುವವರಿಗೆ ಬೇಜಾರು ಶುರುವಾಯಿತು.

“ಎಂತದು ಮಾರಾಯ್ರೆ, ಬರೀ ಬಿಸಾಡುದೇ?” ಎಂದರು ಮ್ಯಾನೇಜರ್. “ನಮ್ಮ ಹೋಟೆಲಲ್ಲಿ ಊಟ ಆದ ಮೇಲೆ ಎಲೆ ಎತ್ತುವವನ ಹಾಗೆ ಆಯ್ತಲ್ಲ ನಿಮ್ಮ ಕತೆ!”

ಎಲ್ಲರೂ ನಕ್ಕರು. ಇವರ ಕಿವಿ ಕೆಂಪಾದದ್ದು ನನಗೆ ಅಡುಗೆಮನೆಯ ಬಾಗಿಲಿನಿಂದ ಕಂಡಿತು. ಅಲ್ಲಿಂದಲೇ ನಾನು ಆ ಮೇಜಿನ ಎಂಟು ಜನರನ್ನೂ ನೋಡಿ ಮುಗಿಸಿದ್ದೆ. ನಮ್ಮ ಬಲಗಡೆಯವನು ಕಾರಣವಿಲ್ಲದೆ ಪಣ ಏರಿಸುವ ಬಡಾಯಿಗಾರ. ಎದುರಿನವನು ಒಂದು ಗಂಟೆಯಲ್ಲಿ ಎರಡೇ ಸಲ ಏರಿಸಿದ್ದ, ಎರಡು ಸಲವೂ ಅವನಲ್ಲಿ ದೊಡ್ಡ ಎಲೆ ಇತ್ತು.

ಬ್ರೇಕ್ ಬಂತು. ಗಂಡಸರೆಲ್ಲ ಸಿಗರೇಟಿಗೆ ಬಾಲ್ಕನಿಗೆ ಹೋದರು. ನಾನು ಕೈ ಒರೆಸಿಕೊಂಡು ಬಂದು ಕುರ್ಚಿಯ ಹಿಂದೆ ನಿಂತೆ. ಐದು ನಿಮಿಷ ಮುಗಿಯಿತು. ಬಾಲ್ಕನಿಯಲ್ಲಿ ಯಾವುದೋ ಜೋಕು ನಡೆಯುತ್ತಿತ್ತು. ಎಲೆ ಬಂದೇ ಬಿಟ್ಟಿತು. ಕೂತೆ. ಕಾಲು ನೆಲಕ್ಕೆ ತಾಗಲಿಲ್ಲ.

ಎರಡು ಒಂಬತ್ತು. ಬಲಗಡೆಯವನು ಏರಿಸಿದ. ನಾನು ಅವನ ಮೇಲೆ ಮೂರು ಪಟ್ಟು ಏರಿಸಿದೆ. ಎಲೆ ಕೆಳಗಿಟ್ಟು ಹೋದ. ನಂತರ ಏಳೆಂಟು ಸಲ ನಾನೇ ಫೋಲ್ಡ್. ಆಮೇಲೆ ಎರಡು ರಾಣಿಯರು. ಅವನು ಮತ್ತೆ ಏರಿಸಿದ. ನಾನು ಇದ್ದದ್ದೆಲ್ಲವನ್ನೂ ನಡುವಿಗೆ ತಳ್ಳಿದೆ. ಅವನು ಒಪ್ಪಿದ, ಒಂದು ಏಸ್ ಮತ್ತು ಹತ್ತು ಹಿಡಿದುಕೊಂಡು. ಐದು ಎಲೆ ತೆರೆದವು, ಏಸ್ ಬರಲಿಲ್ಲ, ನನ್ನ ರಾಣಿಯರ ಜೋಡಿಯೇ ಗೆದ್ದಿತು. ನಮ್ಮ ಚಿಪ್ಸ್ ಇಮ್ಮಡಿಯಾಯಿತು.

ಮ್ಯಾನೇಜರರ ಹೆಂಡತಿ ಹಿಂದಿನಿಂದ ಚಪ್ಪಾಳೆ ಹೊಡೆದರು. “ಅಯ್ಯೊ ದೇವರೆ, ಅಕ್ಕ! ಇದು ನಿಮಗೆ ಬರ್ತದಾ? ರೀ, ಬನ್ನಿ ಇಲ್ಲಿ, ನೋಡಿ ಅಕ್ಕ ಎಂಥ ಮಾಡಿದ್ರು ಅಂತ!”

ಗಂಡಸರು ಒಳಗೆ ಬಂದರು. ಇವರು ಸ್ಕ್ರೀನ್ ನೋಡಿದರು, ನನ್ನನ್ನು ನೋಡಿದರು. ಒಂದು ಕ್ಷಣ ಮುಖದಲ್ಲಿ ಖುಷಿಯೇ ಇತ್ತು, ಸುಳ್ಳು ಹೇಳಲಾರೆ. ಅಷ್ಟರಲ್ಲಿ ಮ್ಯಾನೇಜರ್, “ಓಹೋ, ಮೇಷ್ಟ್ರು ಮನೆಯೊಳಗೇ ಇದ್ದಾರಾ?” ಎಂದರು.

“ಇಲ್ಲ ಇಲ್ಲ, ನಾನು ಸ್ವಲ್ಪ ಹೇಳಿಕೊಟ್ಟಿದ್ದೇನೆ,” ಎಂದರು ಇವರು. ಮತ್ತೆ ನನ್ನ ಕಡೆ ತಿರುಗಿ, “ಒಳ್ಳೇದಾಯ್ತು. ಏಳು ಈಗ.”

ಸಣ್ಣ ದನಿಯಲ್ಲಿ ಕೊಂಕಣಿಯಲ್ಲಿ ಹೇಳಿದೆ: “ಬ್ರೇಕ್ ಆದ ಮೇಲೆ ನಾನು ಅಂದಿದ್ರಿ.”

“ಇವರ ಎದುರು ಬೇಡ,” ಎಂದರು, ಹಲ್ಲು ತೋರಿಸಿ ನಗುತ್ತಲೇ.

ನಾನು ಎದ್ದೆ. ಯಾರೂ ಕೈಹಿಡಿದು ಎಳೆಯಲಿಲ್ಲ, ದನಿ ಏರಿಸಲಿಲ್ಲ. ಇನ್ನೊಂದು ನಿಮಿಷ ಕೂತಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಏನೂ ಆಗುತ್ತಿರಲಿಲ್ಲ. ಮ್ಯಾನೇಜರ್ ಇನ್ನೊಂದು ಜೋಕು ಮಾಡುತ್ತಿದ್ದರು, ಇವರು ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದರು. ಅಷ್ಟಕ್ಕೆ ಹೆದರಿ ಎದ್ದೆ. ಡೋಂಟ್ ಮೇಕ್ ಎ ಸೀನ್ ಎಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರಲ್ಲ, ಕ್ಲಾಸಿನಲ್ಲಿ ಅದರಲ್ಲೂ ನಾನೇ ಫಸ್ಟ್.

ಆಮೇಲೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಇವರಿಗೆ ಏಸ್ ಮತ್ತು ಜ್ಯಾಕ್ ಬಂತು. ಎದುರಿನವನು, ಗಂಟೆಗೆ ಎರಡೇ ಸಲ ಏರಿಸಿದ್ದವನು, ದೊಡ್ಡದಾಗಿ ಏರಿಸಿದ. ಅವನ ಚಿಪ್ಸ್ ನಮಗಿಂತ ಹೆಚ್ಚಿತ್ತು. ಫೇರ್ ಕಾಪಿಯ ಎರಡನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದೆ: ಏಸ್-ಜ್ಯಾಕ್ ನೋಡಲು ಚೆಂದ, ಬೇರೊಬ್ಬರು ದೊಡ್ಡದಾಗಿ ಏರಿಸಿದ್ದರೆ ಕೆಳಗಿಡಿ. ಕಾಗದ ಕಟ್ಲೆಟ್ ತಟ್ಟೆಯ ಅಡಿಯಲ್ಲಿತ್ತು. “ನೋಡುವ ಈಗ,” ಎಂದು ಇವರು ಎಲ್ಲವನ್ನೂ ತಳ್ಳಿದರು. ಅವನು ಏಸ್ ಮತ್ತು ರಾಜ ತೋರಿಸಿದ, ಜ್ಯಾಕಿಗಿಂತ ರಾಜ ದೊಡ್ಡದು, ನಡುವಿನ ಐದು ಎಲೆಯೂ ನಮಗೆ ನೆರವಾಗಲಿಲ್ಲ. ಮುಗಿಯಿತು. ಇವರ ಹೆಸರು ಬರೆದು, ಆಡಿದ್ದಕ್ಕೆ ಥ್ಯಾಂಕ್ಸ್ ಎಂದು ಸ್ಕ್ರೀನಿನ ಮೇಲೆ ಬಂತು. ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಆಡುತ್ತಿದ್ದರು.

“ಬ್ಯಾಡ್ ಲಕ್, ಬ್ಯಾಡ್ ಲಕ್,” ಎಂದು ಎಲ್ಲರೂ ಬೆನ್ನು ತಟ್ಟಿದರು.

“ನಡುವೆ ಎದ್ದು ಹೋಗ್ಬಾರದಿತ್ತು,” ಎಂದರು ಇವರು. “ಕೈ ಬದಲಾದ್ರೆ ಲಕ್ ತಿರುಗ್ತದೆ. ಅದು ರೂಲು.”

ಕೊಯರಿನವರು ಹೌದು ಹೌದು ಎಂದರು.

ಊಟವಾದ ಮೇಲೆ ಮ್ಯಾನೇಜರರ ಹೆಂಡತಿ ಅಡುಗೆಮನೆಗೆ ಬಂದು, ಬೇಡವೆಂದರೂ ಕೇಳದೆ ಪ್ಲೇಟು ತೊಳೆಯಲು ನಿಂತರು. ನಾಲ್ಕು ಪ್ಲೇಟು ತೊಳೆದಿಟ್ಟರು. ಆಮೇಲೆ ಕೇಳಿದರು: “ಅಕ್ಕ, ನೀವು ಯಾಕೆ ಎದ್ದದ್ದು?”

“ಅವರ ಹೆಸರು ಅಲ್ವಾ ಅದರಲ್ಲಿ ಇರುದು,” ಎಂದೆ.

ಅವರು ಇನ್ನೊಂದು ಪ್ಲೇಟು ಎತ್ತಿಕೊಂಡರು.

ಒಂದು ತಿಂಗಳ ಮೇಲೆ ಹೊಸ ಬಿಟ್ಟಿ ಆಟಗಳ ಆಹ್ವಾನ ಬಂತು. ಇವರು ಹಾಲ್‌ನಿಂದ ಕೂಗಿದರು: “ಕೇಳಿತಾ? ಇನ್ನೊಂದು ಟಿಕೆಟ್ ಗೆದ್ದು ಕೊಡ್ತೀಯಾ? ಈ ಸಲ ಫುಲ್ ನಿನ್ನದೇ ಆಟ, ಪಕ್ಕಾ.”

ದನಿಯಲ್ಲಿ ಕಪಟವಿರಲಿಲ್ಲ. ಹೇಳುವಾಗ ಅದನ್ನು ಅವರು ನಂಬಿಯೇ ಹೇಳಿದ್ದು. ಆ ಬುಧವಾರ “ಪ್ರಾಮಿಸ್” ಎಂದಾಗಲೂ ಹಾಗೆಯೇ ನಂಬಿದ್ದರು.

“ನನಗಾಗುದಿಲ್ಲ,” ಎಂದೆ. “ಸ್ಕ್ರೀನ್ ನೋಡಿದ್ರೆ ಕಣ್ಣು ಉರೀತದೆ.”

ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಇವರು ಚಪ್ಪಲಿ ಮೆಟ್ಟಿಕೊಂಡು ಆಗಲೇ ಕೆಳಗಿನ ಫಾರ್ಮಸಿಗೆ ಇಳಿದು ಹೋಗಿ ಡ್ರಾಪ್ಸ್ ತಂದರು. ಮರೆಯಬಾರದೆಂದು ಪ್ರತಿ ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು ತಾವೇ ನನ್ನ ತಲೆ ಹಿಂದಕ್ಕೆ ಬಾಗಿಸಿ ಎರಡೆರಡು ಹನಿ ಹಾಕುತ್ತಿದ್ದರು. ಬಾಟಲಿ ಮುಗಿಯುವವರೆಗೆ, ಮೂರು ವಾರ, ನಾನು ಕಣ್ಣು ಅಗಲಿಸಿಕೊಂಡು ಹಾಕಿಸಿಕೊಂಡೆ.